ಕಡಲಿಗೆ ದುಡ್ಡು ಬೇಸಿಗೆಯಲ್ಲಿ ಬರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಪುಟದಲ್ಲಿ ಒಂದು ಮಾತು ಬರೆದಿದ್ದೆ. ಕರಾವಳಿ ಕಾಯುವ ಕೆಲಸಕ್ಕೆ ಸರ್ಕಾರ ವರ್ಷಾವರ್ಷ ಇಂತಿಷ್ಟು ಎಂದು ದುಡ್ಡು ತೆಗೆದಿಡಬೇಕು, ಅದನ್ನು ಕೇಳುವವರಲ್ಲಿ ಕೊಡಗಿನವರೂ ಇರಬೇಕು ಎಂದು. ಅದಕ್ಕೆ ಬಂದಷ್ಟು ಕಾಗದ ಈ ಅಂಕಣಕ್ಕೆ ಹಿಂದೆಂದೂ ಬಂದಿರಲಿಲ್ಲ. ಕೆಲವರಿಗೆ ಸಿಟ್ಟು ಬಂದಿದೆ. ಕೆಲವರು ಲೆಕ್ಕ ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ಕೊಡಗಿನ ಮದೆನಾಡು ಕಡೆಯವಳು. ಕರಾವಳಿ ಜಿಲ್ಲೆಗಳಲ್ಲಿ ಇಪ್ಪತ್ತೆರಡು ವರ್ಷ ಸರ್ಕಾರಿ ಎಂಜಿನಿಯರ್ ಆಗಿದ್ದೆ. ಕಡಲ ತಡೆಗೋಡೆಗೆ ಎಸ್ಟಿಮೇಟ್ ಬರೆಯುವುದು, ಅಳತೆ ತೆಗೆಯುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿ ಊರಲ್ಲಿ ಕಾಫಿ, ಕರಿಮೆಣಸು ನೋಡಿಕೊಂಡಿದ್ದೇನೆ.

ಮಾದಾಪುರದ ಓದುಗರೊಬ್ಬರು: ಮೇಡಂ, 2018ರ ಆಗಸ್ಟಿನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿಯಿತು. ಇವತ್ತಿಗೂ ಅಲ್ಲಿ ತಡೆಗೋಡೆ ಇಲ್ಲ. ಪ್ರತಿ ಮಳೆಗಾಲಕ್ಕೆ ಟಾರ್ಪಾಲ್ ಹೊದಿಸಿ ಜೀವ ಕೈಯಲ್ಲಿ ಹಿಡಿದು ಮಲಗುತ್ತೇವೆ. ನೀವು ನಮ್ಮ ಜಿಲ್ಲೆಯವರೇ ಆಗಿ ಕಡಲಿಗೆ ದುಡ್ಡು ಕೊಡಿ ಅಂತೀರಿ. ನಮ್ಮ ಪಾಲನ್ನು ಯಾರು ಕೇಳಬೇಕು?

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದೇ ವಾರ ನಮ್ಮ ಗದ್ದೆಯೂ ಹೋಯಿತು. ನಮ್ಮ ಮನೆಯಲ್ಲಿ ಮಾವನವರ ಕಾಲದಿಂದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ಪುಸ್ತಕವಿದೆ. ಆ ಆಗಸ್ಟಿನ ಪುಟದಲ್ಲಿ ಮೂರು ದಿನ ಖಾಲಿ. ಮಳೆ ಅಳೆಯುವ ಡಬ್ಬಿ ತುಂಬಿ ಚೆಲ್ಲಿತ್ತು, ಅಳೆಯುವವರು ಮನೆ ಬಿಟ್ಟು ಹೋಗಿದ್ದೆವು. ಜೋಡುಪಾಲದ ಕಡೆ ಗುಡ್ಡ ಜಾರಿದ ಸುದ್ದಿ ನಮಗೆ ಮುಟ್ಟಿದ್ದು ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದಾಗ. ಹತ್ತು ದಿನ ಬಿಟ್ಟು ಬಂದು ನೋಡಿದರೆ, ನಾಟಿ ಮಾಡಿದ್ದ ಗದ್ದೆಯಲ್ಲಿ ಮೊಣಕಾಲುದ್ದ ಮರಳು. ನೇಜಿಯ ತುದಿ ಕೂಡ ಕಾಣಲಿಲ್ಲ.

ಹಾಗಾಗಿ ನಿಮ್ಮ ಪಾಲನ್ನು ಬಿಟ್ಟುಕೊಡಿ ಎಂದು ನಾನು ಹೇಳುವುದಿಲ್ಲ. ನಾನು ಹೇಳುವುದು ಬೇರೆ. ನಿಮ್ಮ ಬರೆಗೆ ಬೇಕಾದ ದುಡ್ಡು, ಮಂಗಳೂರಿನ ಹತ್ತಿರ ಕಡಲು ಕೊರೆಯುತ್ತಿರುವ ಉಳ್ಳಾಲದ ದಂಡೆಗೆ ಬೇಕಾದ ದುಡ್ಡು, ಎರಡೂ ಇರುವುದು ಒಂದೇ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಲೆಕ್ಕ ಹೀಗಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತಿನ ಹಣವನ್ನು ಎರಡು ಪಾಲು ಮಾಡಿತು. ನೂರು ರೂಪಾಯಿಯಲ್ಲಿ 80 ರೂಪಾಯಿ ಪರಿಹಾರ, ಸಿದ್ಧತೆ, ಮತ್ತೆ ಕಟ್ಟುವ ಕೆಲಸ ಇವಕ್ಕೆ. 20 ರೂಪಾಯಿ ಮಾತ್ರ, ಅನಾಹುತ ಆಗದ ಹಾಗೆ ಮೊದಲೇ ತಡೆಯುವುದಕ್ಕೆ. ಈ 20 ರೂಪಾಯಿಯ ವ್ಯವಸ್ಥೆ ಕೂಡ ತಡವಾಗಿ ಬಂದದ್ದು. ತಡೆಯುವ ಕೆಲಸಕ್ಕೆ ಬೇರೆಯೇ ನಿಧಿ ಇರಬೇಕು ಎಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ ಬರೆದಿತ್ತು. ರಾಷ್ಟ್ರ ಮಟ್ಟದಲ್ಲಿ ಅದು ರಚನೆಯಾದದ್ದು 2021ರಲ್ಲಿ. ಹದಿನಾರು ವರ್ಷ ಕಾಗದದಲ್ಲೇ ಇತ್ತು.

ನಿಮ್ಮ ತಡೆಗೋಡೆ ಬರಬೇಕಾದದ್ದು ಈ 20 ರೂಪಾಯಿಯಿಂದ. ಕಡಲ ದಂಡೆಯ ಕೆಲಸ ಆಗಬೇಕಾದದ್ದೂ ಇದರಿಂದಲೇ. ಆ ಪಾಲು ದೊಡ್ಡದಾಗಬೇಕು ಅಂದರೆ ಗುಡ್ಡದವರೂ ಕಡಲಿನವರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು, ಅಲ್ವಾ? ನಾವು ನಾವೇ ಕಿತ್ತಾಡಿದರೆ ದುಡ್ಡು 80ರ ಕಡೆಯೇ ಉಳಿಯುತ್ತದೆ. ಅಂದರೆ ಮನೆ ಬಿದ್ದ ಮೇಲೆ ಬರುತ್ತದೆ.

ಇನ್ನೊಂದು ವಿಷಯ. ಪರಿಹಾರ ಕೊಡಲು ಕೇಂದ್ರ ಸರ್ಕಾರ 2022–26ರ ಮಾನದಂಡದಲ್ಲಿ ಗುರುತಿಸಿದ ವಿಪತ್ತುಗಳು ಒಟ್ಟು 12. ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ನಮ್ಮ ಭೂಕುಸಿತದ ಹೆಸರು ಅದರಲ್ಲಿದೆ. ಕಡಲ್ಕೊರೆತದ ಹೆಸರು ಇಲ್ಲ. ನಮ್ಮ ನೋವಿಗೆ ಪಟ್ಟಿಯಲ್ಲಿ ಒಂದು ಸಾಲಾದರೂ ಇದೆ. ಅವರಿಗೆ ಅದೂ ಇಲ್ಲ. ಅದಕ್ಕೇ ಅವರ ಪರವಾಗಿ ಕೇಳುತ್ತಿದ್ದೇನೆ.

ಕುಶಾಲನಗರದ ಓದುಗರು: ಕಡಲು ಇಲ್ಲಿಂದ ಎಷ್ಟೋ ದೂರ. ನಮ್ಮದು ಕಾವೇರಿ, ಅದು ಪೂರ್ವಕ್ಕೆ ಹೋಗುತ್ತದೆ. ಕರಾವಳಿಗೂ ನಮಗೂ ಏನು ಸಂಬಂಧ?

ಕೊಡಗಿನಲ್ಲಿ ಬಿದ್ದ ಮಳೆ ಎರಡು ಕಡಲಿಗೆ ಹೋಗುತ್ತದೆ. ಕಾವೇರಿ ಸುಮಾರು 800 ಕಿಲೋಮೀಟರ್ ನಡೆದು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಪುಷ್ಪಗಿರಿ ಬೆಟ್ಟದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿಗೆ ಹೋಗುತ್ತದೆ. ನಮ್ಮ ಮನೆ ಕಡೆಯ ತೋಡಿನ ನೀರು ಪಯಸ್ವಿನಿಗೆ ಬಿದ್ದು, ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲಿಗೆ ಇಳಿಯುತ್ತದೆ. ಬರಪೊಳೆ ಇರಿಟ್ಟಿ ಕಡೆಗೆ ಇಳಿದು ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ತಿರ ಕಡಲು ಕಾಣುತ್ತದೆ.

ನೀರಿನ ಜೊತೆ ಮರಳೂ ಹೋಗುತ್ತದೆ. ಕಡಲ ದಂಡೆಯ ಮರಳು ಜಾಸ್ತಿ ಪಾಲು ಹೊಳೆ ತಂದು ಹಾಕಿದ್ದು. 2018ರ ಆ ಗದ್ದೆಯಲ್ಲಿ ನಾನು ಒಂದು ಹಿಡಿ ಮರಳು ತೆಗೆದು ಅಂಗೈ ಮೇಲೆ ಹರಡಿ ನೋಡಿದೆ. ಹಳೆಯ ಅಭ್ಯಾಸ. ಕಾಳು ಚೂಪುಚೂಪಾಗಿತ್ತು, ಉಜ್ಜಿದರೆ ಚುಚ್ಚುತ್ತಿತ್ತು. ನಡುವೆ ಅಭ್ರಕದ ಮಿಣುಕು. ಉಳ್ಳಾಲದ ಮರಳು ಹಾಗಿರುವುದಿಲ್ಲ. ಕಾಳು ದುಂಡಗೆ, ನುಣ್ಣಗೆ, ಬೆರಳ ಸಂದಿಯಲ್ಲಿ ಜಾರಿಹೋಗುತ್ತದೆ. ಹೊಳೆಯಲ್ಲಿ ಉರುಳಿ, ತೆರೆಯಲ್ಲಿ ಉಜ್ಜಿಸಿಕೊಂಡು ಆಗುವ ವ್ಯತ್ಯಾಸ ಅದು. ನಮ್ಮ ಗುಡ್ಡದ ಚೂಪು ಕಾಳು ಅಲ್ಲಿಗೆ ಹೋಗಿ ದುಂಡಗಾಗಲು ಎಷ್ಟೋ ಕಾಲ ಬೇಕು.

ತಪ್ಪು ತಿಳಿಯಬೇಡಿ. ಗುಡ್ಡ ಜಾರಿದರೆ ಕಡಲಿಗೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಒಂದೇ ರಾತ್ರಿ ನುಗ್ಗುವ ಕೆಸರು ಗದ್ದೆಯನ್ನೂ ಹೊಳೆಯನ್ನೂ, ಹೊಳೆ ಕಡಲು ಸೇರುವ ಅಳಿವೆಯನ್ನೂ ಹಾಳು ಮಾಡುತ್ತದೆ. ದಂಡೆಗೆ ಬೇಕಾದದ್ದು ವರ್ಷವಿಡೀ ನಿಧಾನವಾಗಿ ಇಳಿಯುವ ಮರಳು. ಆ ಮರಳನ್ನು ಅಣೆಕಟ್ಟು ಹಿಡಿದಿಟ್ಟುಕೊಳ್ಳುತ್ತದೆ, ನಡುವೆ ಲಾರಿಗಳು ಎತ್ತಿಕೊಂಡು ಹೋಗುತ್ತವೆ. ಕಾವೇರಿಯ ಮಾತೇ ತೆಗೆದುಕೊಳ್ಳಿ. ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಅಲ್ಲಿಂದ ಮೇಲಿನ ಮರಳು ಕೆಳಗಿನ ಮುಖಜ ಭೂಮಿಗೆ ಮೊದಲಿನ ಹಾಗೆ ಹೋಗುವುದಿಲ್ಲ. ಆದ್ದರಿಂದ ಕರಾವಳಿಯ ಯೋಜನೆ ಎಂದು ಬರೆಯುವಾಗ ಹೊಳೆಯ ತಲೆಯಿಂದ ಅಳಿವೆ ಬಾಗಿಲಿನವರೆಗೆ ಒಂದೇ ನಕ್ಷೆ ಇರಬೇಕು. ಆ ನಕ್ಷೆಯ ಮೇಲ್ತುದಿಯಲ್ಲಿ ನಾವು ಇದ್ದೇವೆ.

ಗೋಣಿಕೊಪ್ಪದಿಂದ ಒಬ್ಬ ತಾಯಿ: ಅಕ್ಕ, ಮಗಳನ್ನು ಕಾಪು ಕಡೆ ಕೊಟ್ಟಿದ್ದೇವೆ. ಅವರ ಮನೆ ಮುಂದೆ ಮೂರು ಸಲ ಕಲ್ಲು ಹಾಕಿದರು. ಮೂರು ಸಲವೂ ಕಡಲು ನುಂಗಿತು. ಇನ್ನೂ ದೊಡ್ಡ ಕಲ್ಲು ಹಾಕಿದರೆ ನಿಲ್ಲುತ್ತದೆ ಅಂತಾರೆ ಅಳಿಯ. ಹೌದಾ?

ತಂಗಿ, ಕಲ್ಲಿನ ಗಾತ್ರ ಆಮೇಲೆ ನೋಡೋಣ. ಆ ಕಲ್ಲು ಯಾವ ತಿಂಗಳಲ್ಲಿ ಬಂತು ಎಂದು ಅಳಿಯನನ್ನು ಕೇಳಿ. ಜುಲೈ ಅಂತಾರೆ. ನನಗೆ ಗೊತ್ತು, ಏಕೆಂದರೆ ನಾನೇ ಜುಲೈನಲ್ಲಿ ಹಾಕಿಸಿದ್ದೇನೆ.

ಒಂದು ಊರಿನ ಕತೆ ಹೇಳುತ್ತೇನೆ. ಹೆಸರು ಬೇಡ. ಡಿಸೆಂಬರಿನಲ್ಲಿ ದಂಡೆ ನಡೆದು ನೋಡಿ ಎಸ್ಟಿಮೇಟ್ ಕಳುಹಿಸಿದೆ. ಅದು ಒಂದೊಂದೇ ಮೇಜು ಹತ್ತಿತು. ಫೆಬ್ರವರಿಯಲ್ಲಿ ಒಂದು ಪ್ರಶ್ನೆ ಬರೆಸಿಕೊಂಡು ವಾಪಸ್ ಬಂತು. ಉತ್ತರ ಬರೆದು ಕಳುಹಿಸುವಷ್ಟರಲ್ಲಿ ಮಾರ್ಚ್ 31. ಆ ವರ್ಷದ ದುಡ್ಡು ಮುಗಿಯಿತು. ಏಪ್ರಿಲ್, ಮೇ ಹೊಸ ಮಂಜೂರಾತಿಗೆ ಕಾಯುವುದರಲ್ಲಿ ಹೋಯಿತು. ಜೂನ್ ಎರಡನೇ ವಾರ ಕಡಲು ಕೊರೆಯಲು ಶುರು ಮಾಡಿತು. ಜನ ರಸ್ತೆಗೆ ಬಂದು ಕೂತರು. ಜುಲೈಯಲ್ಲಿ ತುರ್ತು ಎಂದು ಆದೇಶ ಬಂತು, ಕಲ್ಲು ಸುರಿಯಿರಿ ಎಂದು.

ತಡೆಗೋಡೆ ಅಂದರೆ ಸುಮ್ನೆ ಕಲ್ಲು ಸುರಿಯುವುದಲ್ಲ. ಮೊದಲು ಬುಡವನ್ನು ಮರಳಿನ ಮಟ್ಟಕ್ಕಿಂತ ಕೆಳಗೆ ತೋಡಬೇಕು. ಅಡಿಗೆ ಮರಳು ಸೋರದ ಹಾಗೆ ಬಟ್ಟೆ ಹಾಸಬೇಕು. ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ಮಧ್ಯಮ, ಕೊನೆಗೆ ದೊಡ್ಡದು. ಜುಲೈಯಲ್ಲಿ ಒಂದು ಅಡಿ ತೋಡಿದರೆ ಎರಡು ಅಡಿ ನೀರು ತುಂಬುತ್ತದೆ. ಲಾರಿ ದಂಡೆಗೆ ಇಳಿಯಲೇ ಇಲ್ಲ, ಚಕ್ರ ಹೂತುಹೋಯಿತು. ರಸ್ತೆ ಬದಿ ಸುರಿದು ಜೆಸಿಬಿಯಲ್ಲಿ ತಳ್ಳಿಸಿದೆವು. ಕಲ್ಲು ಬರೀ ಮರಳ ಮೇಲೆ ಕೂತಿತು. ತೆರೆ ಬಂದು ಗೋಡೆಗೆ ಬಡಿಯಿತು, ಅಷ್ಟೇ ಜೋರಾಗಿ ಹಿಂದೆ ಸರಿಯಿತು, ಸರಿಯುವಾಗ ಬುಡದ ಮರಳನ್ನು ಎಳೆದುಕೊಂಡು ಹೋಯಿತು. ಸೆಪ್ಟೆಂಬರಿಗೆ ಹೋಗಿ ನೋಡಿದರೆ, ಕೆರೆಯಲ್ಲಿ ಮುಳುಗಿ ಕೂತ ಎಮ್ಮೆಗಳ ಬೆನ್ನಿನ ಹಾಗೆ ಅಲ್ಲೊಂದು ಇಲ್ಲೊಂದು ಕಲ್ಲು ಕಾಣುತ್ತಿತ್ತು. ಅಳತೆ ಪುಸ್ತಕಕ್ಕೆ ಸಹಿ ಹಾಕಿದವಳು ನಾನು. ಲೆಕ್ಕ ಸರಿಯಾಗಿತ್ತು, ಅಷ್ಟೂ ಲೋಡ್ ಕಲ್ಲು ಬಂದಿತ್ತು. ಆದರೆ ಆ ಕೆಲಸ ನಿಲ್ಲುವುದಿಲ್ಲ ಎಂದು ಸಹಿ ಹಾಕುವಾಗಲೇ ನನಗೆ ಗೊತ್ತಿತ್ತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಅದೇ ಊರಿನಲ್ಲಿ ಒಂದು ಮನೆ ಇತ್ತು. ನಾನು ಮೊದಲ ಸಲ ಹೋದಾಗ ಅಂಗಳದಲ್ಲಿ ಸಿಮೆಂಟ್ ರಿಂಗಿನ ಬಾವಿ, ಬಾವಿಕಟ್ಟೆಯ ಮೇಲೆ ತಾಮ್ರದ ಕೊಡ. ಅದರ ನೀರನ್ನೇ ನನಗೆ ಕುಡಿಯಲು ಕೊಟ್ಟರು. ಕಡಲಿಗೆ ಅಷ್ಟು ಹತ್ತಿರವಿದ್ದರೂ ಸಿಹಿಯಾಗಿತ್ತು. ನಾಲ್ಕು ವರ್ಷ ಬಿಟ್ಟು ಹೋದಾಗ ಅಂಗಳ ಇರಲಿಲ್ಲ. ಸುತ್ತಲಿನ ನೆಲ ಕೊಚ್ಚಿಹೋಗಿ, ಬಾವಿಯ ರಿಂಗುಗಳು ಮಾತ್ರ ದಂಡೆಯ ಮಧ್ಯೆ ಚಿಮಣಿಯ ಹಾಗೆ ನಿಂತಿದ್ದವು. ಮನೆಯಾಕೆ ರಾಟೆಯನ್ನು ಬಿಚ್ಚಿ ತಂದು ಒಳಗೆ ಇಟ್ಟುಕೊಂಡಿದ್ದರು. ಮತ್ತೆ ಎಲ್ಲಾದರೂ ಬಾವಿ ತೋಡಿದರೆ ಬೇಕಾಗುತ್ತದಲ್ಲ ಅಂದರು.

ಈಗ ಅಳಿಯನ ಪ್ರಶ್ನೆಗೆ ಬರುತ್ತೇನೆ. ನಮ್ಮ ಪಶ್ಚಿಮದ ಕಡಲು ಮಳೆಗಾಲದಲ್ಲಿ ದಂಡೆಯ ಮರಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ನಿಧಾನವಾಗಿ ಮರಳಿ ತಂದು ಹಾಕುತ್ತದೆ. ಎಳೆದುಕೊಂಡಷ್ಟೂ ವಾಪಸ್ ಬಂದರೆ ದಂಡೆ ಉಳಿಯುತ್ತದೆ. ಬರದೇ ಹೋದರೆ, ಆ ಮರಳು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೋಟುಗಳಿಗೆ ದಾರಿ ತೆರೆದಿರಲಿ ಎಂದು ಅಲ್ಲಿ ಎರಡು ಕಡೆ ಅಲೆತಡೆ ಕಟ್ಟಿದರು. ಆಮೇಲೆ ಬೆಂಗ್ರೆ ಕಡೆ ಮರಳು ಕೂಡಿತು, ಉಳ್ಳಾಲದ ಕಡೆ ಕೊರೆತ ಜೋರಾಯಿತು. ಉಳ್ಳಾಲದ ಮನೆ ಮುಂದೆ ಎಷ್ಟು ದೊಡ್ಡ ಕಲ್ಲು ಹಾಕಿದರೂ ಆ ಕಾರಣ ಹಾಗೇ ಉಳಿಯುತ್ತದೆ. ಒಂದು ಊರಿಗೆ ಗೋಡೆ ಕಟ್ಟಿದರೆ ಗೋಡೆ ಮುಗಿಯುವಲ್ಲಿ, ಪಕ್ಕದ ಊರಿನಲ್ಲಿ ಕೊರೆತ ಶುರುವಾಗುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದಲ್ಲಿ ನಡೆದ ಕೆಲಸದ ಒಳ್ಳೆಯ ಅಂಶ ಇದೇ. ಅಲೆತಡೆಯ ರಿಪೇರಿ, ನೀರೊಳಗಿನ ದಿಬ್ಬ, ದಂಡೆಯ ಕೆಲಸ ಎಲ್ಲವನ್ನೂ ಸೇರಿಸಿ ಯೋಚಿಸಿದರು. ಆದರೆ ಸಾಲ ಒಂದು ಸಲ ಸಿಗುತ್ತದೆ. ಕಟ್ಟಿದ್ದನ್ನು ನೋಡಿಕೊಳ್ಳಲು ದುಡ್ಡು ಪ್ರತಿ ವರ್ಷ ಬೇಕು. ಅದು ರಾಜ್ಯದ ಬಜೆಟ್ಟಿನಲ್ಲಿ ಅದರದ್ದೇ ಹೆಸರಿನಲ್ಲಿ ಇರಬೇಕು.

ಅಳಿಯನಿಗೆ ಹೇಳಿ, ಊರಿನವರು ಸೇರಿ ಕಲ್ಲು ಬೇಕು ಎಂದು ಬರೆಯುವುದು ಬೇಡ. ಕೆಲಸ ಅಕ್ಟೋಬರಿನಿಂದ ಮೇ ಒಳಗೆ ಮುಗಿಯಬೇಕು ಎಂದು ಬರೆಯಲಿ. ಅಳಿವೆಯಿಂದ ಅಳಿವೆಯವರೆಗೆ ಒಂದೇ ಯೋಜನೆ ಬೇಕು ಎಂದು ಬರೆಯಲಿ. ಮಳೆಗೆ ಮೊದಲು ಒಂದು ಸಲ, ಮಳೆಯ ನಂತರ ಒಂದು ಸಲ ದಂಡೆಯ ಅಳತೆ ತೆಗೆದು ಪಂಚಾಯಿತಿ ಗೋಡೆಗೆ ಅಂಟಿಸಬೇಕು ಎಂದು ಕೇಳಲಿ. ಅಳಿವೆಯಲ್ಲಿ ಹೂಳೆತ್ತಿದ ಮರಳು ಒಳ್ಳೆಯದಿದ್ದರೆ ಅದನ್ನು ಕೊರೆತದ ದಂಡೆಗೇ ಹಾಕಬೇಕು, ಬೇರೆಲ್ಲೂ ಒಯ್ಯಬಾರದು. ಇದು ಬಹಳ ಮುಖ್ಯ.

ತೀರ ಮುಂದಿನ ಸಾಲಿನ ಮನೆಯವರು ತಾವಾಗಿಯೇ ಹಿಂದೆ ಸರಿಯುತ್ತೇವೆ ಅಂದರೆ ಅವರಿಗೆ ಜಾಗ ಸಿಗಬೇಕು. ಕೇಂದ್ರದ 2022–26ರ ಮಾನದಂಡದಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ ಇತ್ತು. ಅದರಲ್ಲಿ ರಸ್ತೆ ಬದಿ ಐದು ಸೆಂಟ್ ಜಾಗವೂ ಬರುವುದಿಲ್ಲ. ಮೀನುಗಾರರನ್ನು ಕಡಲಿನಿಂದ ಹತ್ತು ಕಿಲೋಮೀಟರ್ ಆಚೆ ಕೂರಿಸಿದರೆ ಬದುಕು ಹೇಗೆ ನಡೆಯುತ್ತದೆ? ನಮ್ಮವರನ್ನೂ 2018ರ ನಂತರ ತೋಟ, ಗದ್ದೆ ಬಿಟ್ಟು ಹೊಸ ಕಾಲೊನಿಗೆ ಕಳುಹಿಸಿದರು. ಮನೆ ಗಟ್ಟಿಯಾಗಿದೆ, ಕೆಲಸ ದೂರವಾಗಿದೆ. ಆ ಕಷ್ಟ ನಮಗೆ ಗೊತ್ತು.

ಮಡಿಕೇರಿಯ ಕಾಲೇಜು ವಿದ್ಯಾರ್ಥಿನಿ: ಆಂಟಿ, ಕಾಲೇಜಿನ ಸೆಮಿನಾರಿಗೆ ಈ ವಿಷಯ ತೆಗೆದುಕೊಂಡಿದ್ದೇನೆ. ಕರಾವಳಿಗೆ ಯಾವ ಕಾನೂನು ಇದೆ, ದುಡ್ಡು ಎಲ್ಲಿಂದ ಬರುತ್ತದೆ?

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀಯ. ಕಾನೂನಿನಲ್ಲಿ ಮುಖ್ಯವಾದದ್ದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಎಲ್ಲರೂ ಸಿಆರ್‌ಜೆಡ್ ಎಂದೇ ಕರೆಯುತ್ತಾರೆ. ಮೊದಲು 1991ರಲ್ಲಿ ಬಂತು, ಆಮೇಲೆ 2011ರಲ್ಲಿ, ಈಗಿನದ್ದು 2019ರ ಜನವರಿಯದು. ಇದನ್ನು ನೋಡಿಕೊಳ್ಳಲು ರಾಜ್ಯದಲ್ಲಿ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಇದೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಸಮಿತಿ ಇರಬೇಕು, ಅದರಲ್ಲಿ ಕಡಿಮೆ ಎಂದರೆ ಮೂರು ಜನ ಅಲ್ಲಿನ ಸಾಂಪ್ರದಾಯಿಕ ಸಮುದಾಯದವರು, ಮೀನುಗಾರರು ಸೇರಿ, ಇರಬೇಕು ಎಂದು ಬರೆದಿದೆ. ಆ ಮೂರು ಕುರ್ಚಿ ನನಗೆ ಇಡೀ ಅಧಿಸೂಚನೆಯಲ್ಲೇ ತುಂಬ ಮುಖ್ಯವಾಗಿ ಕಾಣುತ್ತದೆ. ಕಡಲು ಯಾವ ವರ್ಷ ಎಲ್ಲಿಯವರೆಗೆ ಬಂತು ಎನ್ನುವುದು ಅವರ ತಲೆಯಲ್ಲಿ ಇರುತ್ತದೆ.

ದುಡ್ಡಿನ ಮಾತು. ವಿಶ್ವಬ್ಯಾಂಕ್ ನೆರವಿನ ಸಮಗ್ರ ಕರಾವಳಿ ನಿರ್ವಹಣಾ ಯೋಜನೆ 2010ರಲ್ಲಿ ಶುರುವಾಯಿತು. ಗುಜರಾತ್, ಒಡಿಶಾ, ಪಶ್ಚಿಮ ಬಂಗಾಳ, ಈ ಮೂರು ರಾಜ್ಯಗಳಿಗೆ. ಕರ್ನಾಟಕ ಅದರಲ್ಲಿ ಇರಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆಸಲು ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಮಿಷ್ಟಿ ಎಂಬ ಯೋಜನೆ ಘೋಷಿಸಿತು. 15ನೇ ಹಣಕಾಸು ಆಯೋಗ ಮೊದಲ ಸಲ ಕೊರೆತಕ್ಕೆ ಎಂದು ಹೆಸರಿಟ್ಟು ದುಡ್ಡು ತೋರಿಸಿತು. ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ. ಕೇಳಲು ದೊಡ್ಡದು. ನೀನು ಲೆಕ್ಕ ಹಾಕು. ಇದು ಐದು ವರ್ಷಕ್ಕೆ, ಇಡೀ ದೇಶಕ್ಕೆ, ಕಡಲ್ಕೊರೆತ ಮತ್ತು ನದಿ ಕೊರೆತ ಎರಡೂ ಸೇರಿ. ತಡೆಯುವ ಹಣವನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 300 ಕೋಟಿ. ಬ್ರಹ್ಮಪುತ್ರದ ದಡವೂ ಅದರಲ್ಲೇ, ಉಳ್ಳಾಲವೂ ಅದರಲ್ಲೇ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ದೇಶದ ಕಡಲ ದಂಡೆಯಲ್ಲಿ ಮೂರರಲ್ಲಿ ಒಂದು ಪಾಲು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು. ಅಂದರೆ ನಮ್ಮ ಜಾಸ್ತಿ ದಂಡೆ ಇನ್ನೂ ಗಟ್ಟಿಯಾಗಿದೆ. ಕೇಳಲು ಇದೇ ಸರಿಯಾದ ಹೊತ್ತು. ಸೆಮಿನಾರಿನಲ್ಲಿ ಇದನ್ನು ಮರೆಯದೆ ಹೇಳು.

ಸುಂಟಿಕೊಪ್ಪದ ಓದುಗರು: ಮಲ್ಪೆ ಹತ್ತಿರ ಬೀಚಿಗೆ ತಾಗಿದ ಹತ್ತು ಸೆಂಟ್ ಜಾಗ ಕಡಿಮೆ ಬೆಲೆಗೆ ಬಂದಿದೆ. ಕಾಟೇಜ್ ಮಾಡಬಹುದಾ?

ಅಡ್ವಾನ್ಸ್ ಕೊಡಬೇಡಿ, ಸ್ವಲ್ಪ ತಡೆಯಿರಿ. ಭರತರೇಖೆಯಿಂದ, ಅಂದರೆ ಕಡಲು ಉಬ್ಬಿದಾಗ ನೀರು ಮುಟ್ಟುವ ಗೆರೆಯಿಂದ, 500 ಮೀಟರ್‌ವರೆಗೆ ಸಿಆರ್‌ಜೆಡ್ ನಿಯಮ ಇದೆ. ಹಳ್ಳಿ ಪ್ರದೇಶದಲ್ಲಿ ಜನ ವಿರಳವಾಗಿರುವ ಕಡೆ ಮೊದಲ 200 ಮೀಟರ್ ಹೊಸ ಕಟ್ಟಡ ಕಟ್ಟದ ವಲಯ. ಜನ ಒತ್ತಾಗಿರುವ ಕಡೆ ಅದು 50 ಮೀಟರ್. ಪೇಟೆ ಪ್ರದೇಶಕ್ಕೆ ಬೇರೆ ನಿಯಮ. ಹೊಳೆ ಬದಿಯಾದರೂ ಉಪ್ಪುನೀರು ಏರುವವರೆಗೆ ನಿಯಮ ಇರುತ್ತದೆ. ಸರ್ವೆ ನಂಬರ್ ತೆಗೆದುಕೊಂಡು ಹೋಗಿ ಕರಾವಳಿ ವಲಯದ ನಕ್ಷೆಯಲ್ಲಿ ನೋಡಿಸಿ. ಆಮೇಲೆ ಜೂನ್ ಕೊನೆಯಲ್ಲಿ ಒಂದು ದಿನ ಹೋಗಿ ಆ ಜಾಗದಲ್ಲಿ ನಿಲ್ಲಿ. ಜನವರಿಯಲ್ಲಿ ನೋಡಿದ ಬೀಚು ಅಲ್ಲಿ ಇರುವುದಿಲ್ಲ. ಕಡಿಮೆ ಬೆಲೆಗೆ ಯಾಕೆ ಬಂದಿದೆ ಎಂದು ಆಗ ತಿಳಿಯುತ್ತದೆ.

ವಿರಾಜಪೇಟೆಯ ಓದುಗರು: ಕಕ್ಕಡದಲ್ಲಿ (ಆಟಿ ತಿಂಗಳಲ್ಲಿ) ಮತ್ತಿ, ಬಂಗುಡೆ ಮೀನು ಮುಟ್ಟುವ ಹಾಗಿಲ್ಲ, ಅಷ್ಟು ಬೆಲೆ. ಕರಾವಳಿಗೆ ದುಡ್ಡು ಹಾಕಿದರೆ ಮೀನಿಗೂ ಅನುಕೂಲವಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಮೀನು ಮರಿ ಮಾಡುವ ಕಾಲ ಅದು. ಬೆಲೆ ಏರುವುದು ಅದಕ್ಕೆ. ಈ ಎರಡು ತಿಂಗಳು ನಮಗೆ ಮೀನಿಲ್ಲ ಅಷ್ಟೇ, ಅವರಿಗೆ ಕೂಲಿಯೇ ಇಲ್ಲ. ಮೀನುಗಾರ 1,500 ಕಟ್ಟಿದರೆ ಸರ್ಕಾರ 3,000 ಸೇರಿಸಿ ಕೊಡುವ ಉಳಿತಾಯ ಪರಿಹಾರ ಯೋಜನೆ ಇದೆ. ಒಂದು ಮನೆ ನಡೆಸಲು ಅದು ಏನೂ ಸಾಲದು. ಅದನ್ನು ಹೆಚ್ಚಿಸಿ ಎಂದು ಕೇಳುವುದೂ ಕರಾವಳಿ ನೀತಿಯ ಮಾತೇ.

ಅಳಿವೆಯ ಕಾಂಡ್ಲಾ ಕಾಡು ಉಳಿದರೆ ಮೀನಿಗೆ, ಸಿಗಡಿಗೆ ನೇರ ಅನುಕೂಲ. ಮರಿಗಳು ಬೆಳೆಯುವುದೇ ಆ ಬೇರುಗಳ ನಡುವೆ. ಜೊತೆಗೆ ದಡದ ಮಣ್ಣನ್ನೂ ಅವು ಹಿಡಿದಿಡುತ್ತವೆ. ಆದರೆ ತೆರೆ ನೇರವಾಗಿ ಬಡಿಯುವ ತೆರೆದ ಮರಳ ದಂಡೆಯಲ್ಲಿ ಕಾಂಡ್ಲಾ ಬದುಕುವುದಿಲ್ಲ. ಅಲ್ಲಿ ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯನ್ನು ತುಳಿಯದೆ, ಕೀಳದೆ ಬಿಡಬೇಕು. ಮರಳ ದಿಬ್ಬ ನಿಲ್ಲುವುದು ಅದರಿಂದ.

ಸೋಮವಾರಪೇಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ: ಅಕ್ಕ, ನಿಮ್ಮ ಮಾತು ನನಗೆ ಸರಿ ಅನ್ನಿಸಿತು. ಆದರೆ ನಮ್ಮದು ಬೆಟ್ಟದ ಪಂಚಾಯಿತಿ. ನಮ್ಮ ಗ್ರಾಮಸಭೆ ಕರಾವಳಿಯ ಬಗ್ಗೆ ನಿರ್ಣಯ ಮಾಡಿದರೆ ಯಾರಾದರೂ ಓದುತ್ತಾರಾ? ಯಾರಿಗೆ ಕಳುಹಿಸಬೇಕು?

ಬೆಟ್ಟದ ಪಂಚಾಯಿತಿಯಿಂದ ಬಂದದ್ದು ಎನ್ನುವುದಕ್ಕೇ ಓದುತ್ತಾರೆ. ಕಡಲ ದಂಡೆಯವರ ಮನವಿ ಕಚೇರಿಯಲ್ಲಿ ಕಟ್ಟುಕಟ್ಟಾಗಿ ಇರುತ್ತದೆ. ಕೊಡಗಿನಿಂದ ಬಂದ ಕಾಗದ ನನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೂ ನೋಡಲಿಲ್ಲ.

ನಿರ್ಣಯ ಒಂದು ಪುಟ ಮೀರಬಾರದು. ಹೀಗೆ ಬರೆಯಬಹುದು:

"ನಮ್ಮ ಊರಿನ ಹೊಳೆ ಕಡಲು ಸೇರುತ್ತದೆ. ಇಲ್ಲಿನ ಬರೆ ಕುಸಿತ ಮತ್ತು ಅಲ್ಲಿನ ಕಡಲ್ಕೊರೆತ ಎರಡಕ್ಕೂ ಮುಂಚಿತವಾಗಿ ತಡೆಯುವ ಹಣ ಬೇಕು. ಆದ್ದರಿಂದ ಬಜೆಟ್ಟಿನಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಲಿ. ಮಾರ್ಚ್ 31ಕ್ಕೆ ಆ ಹಣ ರದ್ದಾಗದೆ ಮುಂದಿನ ವರ್ಷಕ್ಕೆ ಸಾಗಲಿ. ಕೆಲಸದ ಆದೇಶ ಅಕ್ಟೋಬರಿನಲ್ಲಿ ಸಿಗಲಿ. ಕಡಲ್ಕೊರೆತ ಕೇಂದ್ರದ ವಿಪತ್ತು ಪಟ್ಟಿಗೆ ಸೇರಲಿ. ವಿಪತ್ತು ನಿಧಿಯಲ್ಲಿ ಮುಂಚಿತವಾಗಿ ತಡೆಯುವ ಪಾಲು 20ಕ್ಕಿಂತ ಹೆಚ್ಚಾಗಲಿ."

ಪಟ್ಟಿಯ ಮಾತಿಗೆ ಒಂದು ಆಧಾರ ಇಟ್ಟುಕೊಳ್ಳಿ. ರಾಜ್ಯಗಳು ತಮ್ಮ ವಿಪತ್ತು ಪರಿಹಾರ ನಿಧಿಯ ಶೇಕಡ 10ರವರೆಗೆ ತಮ್ಮಲ್ಲಿನ ವಿಶೇಷ ವಿಪತ್ತುಗಳಿಗೆ ಬಳಸಬಹುದು. ಕೇರಳ ಹೀಗೆ ಕಡಲ್ಕೊರೆತವನ್ನು ರಾಜ್ಯದ ವಿಪತ್ತು ಎಂದು ಘೋಷಿಸಿದೆ.

ಕಳುಹಿಸಬೇಕಾದದ್ದು ಮೊದಲು ನಮ್ಮ ಜಿಲ್ಲಾಧಿಕಾರಿಗೆ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಎಂದು ಬರೆದು. ಆಮೇಲೆ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರದ ಶಾಸಕರಿಗೆ, ಸಂಸದರಿಗೆ, ರಾಜ್ಯದ ಹಣಕಾಸು ಇಲಾಖೆಗೆ, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಎಲ್ಲವೂ ಸ್ಪೀಡ್ ಪೋಸ್ಟ್ ಆಗಿರಲಿ, ರಸೀದಿ ಇಟ್ಟುಕೊಳ್ಳಿ. ಸುಮ್ನೆ ಕೈಯಲ್ಲಿ ಕೊಟ್ಟು ಬಂದ ಮನವಿಗೆ ನಂಬರ್ ಬೀಳುವುದಿಲ್ಲ. ಎರಡು ತಿಂಗಳಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕಳೆದ ಮೂರು ವರ್ಷ ಕಡಲ್ಕೊರೆತದ ಕೆಲಸಗಳಿಗೆ ಹಣ ಬಿಡುಗಡೆಯಾದ ತಾರೀಕು ಯಾವುದು ಎಂದು ಕೇಳಿ. ಎಷ್ಟು ಎಂದು ಕೇಳುವುದು ಎರಡನೆಯದು. ಮೊದಲು ತಾರೀಕು.

ಒಂದು ಮಾತು ಮರೆಯಬೇಡಿ. ಇಲಾಖೆಗಳು ಮುಂದಿನ ಬಜೆಟ್ಟಿನ ಬೇಡಿಕೆ ಬರೆಯುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಹಾಗಾಗಿ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ಮೊದಲು ಗ್ರಾಮಸಭೆಯಲ್ಲಿ ನಿರ್ಣಯ ಆಗಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಇನ್ನೊಂದು ನೆನಪೋಲೆ ಹೋಗಲಿ. ನಿರ್ಣಯದ ಪ್ರತಿ ಒಂದನ್ನು ಪತ್ರಿಕೆಯ ವಿಳಾಸಕ್ಕೆ ನನಗೂ ಕಳುಹಿಸಿ. ಗೋಣಿಕೊಪ್ಪದ ಆ ತಂಗಿಯ ಮೂಲಕ ಅದನ್ನು ಅವರ ಅಳಿಯನ ಊರಿನವರಿಗೆ ಮುಟ್ಟಿಸುತ್ತೇನೆ. ಅವರ ಮನವಿಯ ಜೊತೆ ಅದನ್ನೂ ಸೇರಿಸಿ ಪಿನ್ ಮಾಡಲಿ.